ಘಟ್ಟ ಹತ್ತುವ ಮುನ್ನ: ಬೆಟ್ಟದೂರುಗಳಿಗೆ ಹೋದ ನಮ್ಮ ಹಿರಿಯರ ಲೆಕ್ಕಾಚಾರ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಕಟ್ಟಡದ ಚರಿತ್ರೆ ಬರುತ್ತದೆ, ಸೇವೆ ಸಲ್ಲಿಸಿದ ಪೂಜ್ಯ ಗುರುಗಳ ಹೆಸರುಗಳು ಬರುತ್ತವೆ, ದಾನಿಗಳ ಪಟ್ಟಿಯೂ ಬರುತ್ತದೆ. ಇವೆಲ್ಲ ಬೇಕಾದುವೇ. ಆದರೆ ಊರು ಬಿಟ್ಟು ಹೋದವರ ಚರಿತ್ರೆಗೆ ಅಲ್ಲಿ ಸ್ಥಳ ದೊರೆಯುವುದು ಅಪರೂಪ. ಕರಾವಳಿಯ ಯಾವ ಹಳೆಯ ಧರ್ಮಕೇಂದ್ರವನ್ನು ತೆಗೆದುಕೊಂಡರೂ, ಅದರ ಕುಟುಂಬಗಳಲ್ಲಿ ಒಂದು ಪಾಲು ಎಂದೋ ಒಮ್ಮೆ ವಿರಾಜಪೇಟೆಗೋ ಚಿಕ್ಕಮಗಳೂರಿಗೋ ಮೂಡಿಗೆರೆಗೋ ಸಕಲೇಶಪುರಕ್ಕೋ ಹೊರಟುಹೋಗಿರುವುದು ಕಂಡುಬರುತ್ತದೆ. "ಘಟ್ಟಕ್ಕೆ ಹೋದ" ಎಂಬ ಎರಡು ಮಾತುಗಳಲ್ಲಿ ಹಿರಿಯರು ಒಬ್ಬನ ಬಾಳಿನ ಅರ್ಧ ಕಥೆಯನ್ನು ಮುಗಿಸಿಬಿಡುತ್ತಿದ್ದರು. ಹೋದವನು ಹೊರಡುವ ಮುನ್ನ ಏನನ್ನೆಲ್ಲ ತೂಗಿ ನೋಡಿದನು, ತೂಗಿ ನೋಡುವಷ್ಟು ಸ್ವಾತಂತ್ರ್ಯವಾದರೂ ಅವನಿಗಿತ್ತೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ.

ಕೂಲಿಯ ಆಸೆಯಿಂದ ಜನರು ಘಟ್ಟ ಹತ್ತಿದರು ಎಂಬುದು ರೂಢಿಯ ಉತ್ತರ. ಅದು ಸುಳ್ಳಲ್ಲ. ಆದರೆ ಅದೇ ಊರಿನ, ಅದೇ ಇಗರ್ಜಿಯ ಎರಡು ಮನೆಗಳಲ್ಲಿ ಒಂದು ಮನೆಯವರು ಹೋದರು, ಇನ್ನೊಂದು ಮನೆಯವರು ಉಳಿದರು. ಇಬ್ಬರಿಗೂ ಮೇಲಿನ ಕೂಲಿಯ ದರ ಒಂದೇ ಆಗಿತ್ತಷ್ಟೆ. ಆದುದರಿಂದ ನಿರ್ಧಾರದ ಮೂಲವನ್ನು ಘಟ್ಟದ ಮೇಲಲ್ಲ, ಘಟ್ಟದ ಕೆಳಗೆ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಸ್ಥಳಾಂತರವು ನಮ್ಮ ಜನಾಂಗಕ್ಕೆ ಹೊಸದೇನಲ್ಲ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಗೋವೆಯನ್ನು ಬಿಟ್ಟು ಕೆನರಾಕ್ಕೆ ಬಂದು, ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಗದ್ದೆ ಮಾಡಿ ನೆಲೆಸಿದವರ ಸಂತತಿಯೇ ಕರಾವಳಿಯ ಕೊಂಕಣಿ ಕ್ರೈಸ್ತ ಸಮುದಾಯ. ಆದರೆ ಅವರು ಸಮುದ್ರದ ಅಂಚನ್ನು ಹಿಡಿದು ಬಂದವರು. ತೆಂಗು, ಭತ್ತ, ಮೀನು, ಹೊಳೆ ಇವು ಗೋವೆಯಲ್ಲಿಯೂ ಇದ್ದುವು, ಇಲ್ಲಿಯೂ ಇದ್ದುವು. ಘಟ್ಟವು ಬೇರೆಯೇ ಲೋಕವಾಗಿತ್ತು.

ಆ ಲೋಕದಲ್ಲಿ ನಮ್ಮವರ ಮೊದಲ ನೆಲೆಗಳಲ್ಲಿ ಒಂದು ವಿರಾಜಪೇಟೆ. ಅದು ಕೆಲಸವನ್ನು ಅರಸಿಕೊಂಡು ಹೋದ ಊರಲ್ಲ. ವಿಪತ್ತಿನ ದಾರಿಯಲ್ಲಿ ಸಿಕ್ಕಿದ ಊರು. 1784ರ ಫೆಬ್ರವರಿ 24ರಂದು, ಬೂದಿ ಬುಧವಾರದ ದಿನ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರ ಬಂಧನವು ಆರಂಭವಾಯಿತೆಂದು ನಮ್ಮ ಪರಂಪರೆಯು ಹೇಳುತ್ತದೆ. ಬಂಧಿತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹೀಗೆ ಹೋದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿದ್ದಾರೆ. ಬದುಕಿ ಹಿಂದಿರುಗಿದವರು ಒಂದು ಭಾಗ ಮಾತ್ರವೆಂಬುದರಲ್ಲಿ ಎಲ್ಲರಿಗೂ ಸಮ್ಮತಿಯಿದೆ. ಕೊಡಗಿನ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನೂ ಅದೇ ಕಾಲದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದನು. 1788ರ ಡಿಸೆಂಬರಿನಲ್ಲಿ ಅವನು ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ತನ್ನ ನಾಡನ್ನು ಸೇರಿ, 1790ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡನು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯು ಮುಂಬಯಿಯ ಸೈನ್ಯದೊಡನೆ ಮಲಬಾರಿನಿಂದ ಘಟ್ಟ ಹತ್ತಿ ಬಂದಾಗ ಇಬ್ಬರ ಭೇಟಿಯಾಯಿತು. ಆ ಭೇಟಿಯ ನೆನಪಿಗಾಗಿ ರಾಜನು 1792ರಲ್ಲಿ ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ.

ಹೊಸ ಪೇಟೆಗೆ ಜನ ಬೇಕಾಗಿತ್ತು. ಯುದ್ಧ ಮತ್ತು ಸೆರೆಗಳಿಂದ ಕೊಡಗು ಬರಿದಾಗಿತ್ತು. ಮೈಸೂರು ಸೀಮೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಆಶ್ರಯ ಬೇಕಾಗಿತ್ತು. ವೀರಶೈವನಾದ ರಾಜನು ಅವರಿಗೆ ನೆಲೆಯನ್ನೂ ದೇವಾಲಯಕ್ಕೆ ನಿವೇಶನವನ್ನೂ ಕೊಟ್ಟನು. ಸಂತ ಅನ್ನಮ್ಮನವರ ಹೆಸರಿನ ಇಗರ್ಜಿಯು ಪೇಟೆಯೊಡನೆ, 1792ರಲ್ಲಿಯೇ, ಹುಟ್ಟಿತು. ಅಲ್ಲಿನ ದೇವಾಲಯವು ಪೇಟೆಯಷ್ಟೇ ಹಳೆಯದೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಬೆಳೆದ ಕಾಫಿಯ ಊರುಗಳಲ್ಲಿ ಪೇಟೆ ಮೊದಲು ಬಂದಿತು, ಇಗರ್ಜಿ ಬಹುಕಾಲ ಕಳೆದ ಮೇಲೆ ಬಂದಿತು. ಈ ವ್ಯತ್ಯಾಸದಿಂದ ಆದುದೇನೆಂಬುದನ್ನು ಮುಂದೆ ನೋಡೋಣ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸೆರೆಯವರಿಗೆ ಊರಿನ ದಾರಿ ತೆರೆಯಿತು. ವಿರಾಜಪೇಟೆಯಲ್ಲಿ ನೆಲೆಸಿದ್ದವರ ಮುಂದೆಯೂ ಅಂದು ಒಂದು ಪ್ರಶ್ನೆ ನಿಂತಿತು. ಕೆಳಗೆ ತಂದೆತಾತಂದಿರ ಗದ್ದೆಯಿತ್ತು. ಆದರೆ ಹದಿನೈದು ವರ್ಷಗಳಿಂದ ಅದನ್ನು ಬೇರೆಯವರು ಉಳುತ್ತಿದ್ದರು. ಮೇಲೆ ರಾಜನು ಕೊಟ್ಟ ಜಾಗವಿತ್ತು, ಮಲಬಾರಿಗೂ ಮೈಸೂರು ಸೀಮೆಗೂ ನಡುವೆ ಇದ್ದ ಪೇಟೆಯ ವ್ಯಾಪಾರವಿತ್ತು, ಭಾನುವಾರದ ಪೂಜೆಯಿತ್ತು; ಬಂಧುಬಳಗ ಮಾತ್ರ ಇರಲಿಲ್ಲ. ಅನೇಕರು ಕೆಳಗಿಳಿದರು, ಕೆಲವರು ಉಳಿದರು. ಉಳಿದವರಿದ್ದುದರಿಂದಲೇ ಕೊಂಕಣಿಯು ಕೊಡಗಿನ ಆ ಮೂಲೆಯಲ್ಲಿ ಮನೆಮಾತಾಗಿ ಉಳಿಯಿತು. ಕಾಗದಪತ್ರವಿದ್ದವನು ಊರಿಗೆ ಮರಳಿದನು, ಕೆಳಗೆ ಯಾವ ಹಕ್ಕೂ ಇಲ್ಲದವನು ಮೇಲೆಯೇ ನೆಲೆನಿಂತನು ಎಂದು ಊಹಿಸುವುದು ಸಹಜ. ಏಕೆಂದರೆ ಮುಂದಿನ ನೂರೈವತ್ತು ವರ್ಷಗಳ ಕಾಲ ಕಾಫಿಯ ನಾಡಿಗೆ ಹೋದವರ ವಿಷಯದಲ್ಲಿಯೂ ಇದೇ ನ್ಯಾಯವು ಕಂಡುಬರುತ್ತದೆ.

ಕಾಫಿಯ ಕಥೆಯನ್ನು ಬಾಬಾಬುಡನ್ ಅವರ ಏಳು ಬೀಜಗಳಿಂದ ಆರಂಭಿಸುವುದು ವಾಡಿಕೆ. ಅದು ಎಲ್ಲರಿಗೂ ತಿಳಿದುದೇ. ನಮಗೆ ಸಂಬಂಧಿಸಿದ ಭಾಗವು ಐರೋಪ್ಯ ತೋಟಗಾರರಿಂದ ಮೊದಲಾಗುತ್ತದೆ. 1830ರ ಸುಮಾರಿಗೆ ಕ್ಯಾನನ್ ಎಂಬವರು ಚಿಕ್ಕಮಗಳೂರಿನ ಬಳಿಯ ಗಿರಿಗಳಲ್ಲಿ ತೋಟ ಮಾಡಿದರು. ಕೊಡಗು 1834ರಲ್ಲಿ ಇಂಗ್ಲಿಷರ ವಶವಾಯಿತು; 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಅಲ್ಲಿನ ಮೊದಲ ಐರೋಪ್ಯ ತೋಟವನ್ನು ಆರಂಭಿಸಿದರು. 1856ರಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ಎಲಿಯಟ್ ಎಂಬ ಸ್ಕಾಟ್ಲೆಂಡಿನವರು ತಮ್ಮ ಅನುಭವಗಳನ್ನು 1871ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದಾರೆ. ಕಾಡು ಕಡಿಯಲು, ಗುಂಡಿ ತೋಡಲು, ಕಾಯಿ ಕೊಯ್ಯಲು ಜನ ಬೇಕು. ಮಲೆನಾಡಿನಲ್ಲಿ ಜನ ವಿರಳ. ಆದುದರಿಂದ ತೋಟಗಾರರ ಕಣ್ಣು ಘಟ್ಟದ ಕೆಳಗಿನ ದಟ್ಟವಾದ ಜನವಸತಿಯ ಮೇಲೆ ಬಿದ್ದಿತು.

ಇವುಗಳಲ್ಲಿ ಅತ್ಯಂತ ಬೇಗ ಬೆಳೆದ ಊರು ಚಿಕ್ಕಮಗಳೂರು. 1865ರಲ್ಲಿ ಜಿಲ್ಲೆಯ ಮುಖ್ಯಸ್ಥಾನವನ್ನು ಕಡೂರಿನಿಂದ ಅಲ್ಲಿಗೆ ಬದಲಾಯಿಸಿದ ಮೇಲೆ ಕಚೇರಿಗಳು ಬಂದುವು, 1870ರಲ್ಲಿ ಪುರಸಭೆ ಆಯಿತು, ಬಸವನಹಳ್ಳಿಯ ಕಡೆಗೆ ಅಗಲವಾದ ಪೇಟೆಬೀದಿ ಬೆಳೆಯಿತು. 1901ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 9,500. 2011ರ ಜನಗಣತಿಯಲ್ಲಿ 1,18,000ವನ್ನು ಮೀರಿದೆ. ಕಟ್ಟಡದ ಕೆಲಸ ತಿಳಿದ ಬಡಗಿಗೆ, ದರ್ಜಿಗೆ, ಅಂಗಡಿಕಾರನಿಗೆ, ನಾಲ್ಕಕ್ಷರ ಬರೆಯಬಲ್ಲವನಿಗೆ ಅಂತಹ ಊರು ಕೈಬೀಸಿ ಕರೆಯುವುದು ಸ್ವಾಭಾವಿಕ. ಓದು ಕಲಿತ ಹುಡುಗನು ತೋಟದಲ್ಲಿ ರೈಟರ್ ಆಗಬಹುದಿತ್ತು; ಲೆಕ್ಕ ಬರೆಯುವ, ಹಾಜರಿ ಕರೆಯುವ, ದೊರೆಗೂ ಆಳುಗಳಿಗೂ ನಡುವೆ ನಿಲ್ಲುವ ಕೆಲಸ ಅದು. ಗೌರವವೂ ಇತ್ತು, ಎರಡೂ ಕಡೆಯಿಂದ ಬೈಗುಳವೂ ಇತ್ತು.

ಇನ್ನು ಕೆಳಗಿನ ಪರಿಸ್ಥಿತಿ. ದಕ್ಷಿಣ ಕನ್ನಡದಲ್ಲಿ ಭೂಮಿಯ ಹಿಡುವಳಿಯು ಮುಖ್ಯವಾಗಿ ಎರಡು ಬಗೆಯದು ಎಂಬುದನ್ನು ಹಿರಿಯ ಓದುಗರು ಬಲ್ಲರು. ಮೂಲಗೇಣಿದಾರನ ಗೇಣಿ ಶಾಶ್ವತವಾಗಿ ಗೊತ್ತಾದುದು. ಅವನನ್ನು ಏಳಿಸುವಂತಿಲ್ಲ, ಅವನ ಹಕ್ಕು ಮಕ್ಕಳಿಗೆ ಇಳಿಯುತ್ತದೆ. ಚಾಲಗೇಣಿದಾರನು ಒಡೆಯನ ಮರ್ಜಿಯಿರುವವರೆಗೆ ಉಳುವವನು. ಗೇಣಿಯನ್ನು ಏರಿಸಿದರೆ ಕೊಡಬೇಕು, ಇಲ್ಲವೇ ಮನೆಯ ಮುಂದಿನ ತುಳಿದ ದಾರಿಯನ್ನೇ ಬಿಟ್ಟು ಏಳಬೇಕು. ಅವನು ನೆಟ್ಟ ತೆಂಗಿನ ಸಸಿಯು ಫಲ ಕೊಡುವ ಹೊತ್ತಿಗೆ ಅವನು ಅಲ್ಲಿರುವನೆಂಬ ಭರವಸೆಯಿಲ್ಲ. ನಮ್ಮ ಸಮುದಾಯದಲ್ಲಿ ಎರಡೂ ಬಗೆಯವರಿದ್ದರು, ಒಡೆಯರೂ ಇದ್ದರು. ಇದನ್ನು ಸ್ಮರಣ ಸಂಚಿಕೆಯಲ್ಲಿ ಹೇಳಲು ಸಂಕೋಚಪಡಬೇಕಾಗಿಲ್ಲ: ಒಂದೇ ಬೆಂಚಿನಲ್ಲಿ ಮೊಣಕಾಲೂರಿದ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನ ಚಾಲಗೇಣಿ ಒಕ್ಕಲಾಗಿದ್ದುದು ಉಂಟು.

ಮೂಲಗೇಣಿಯ ಮನೆಯವರು ಘಟ್ಟದ ವಿಚಾರವನ್ನು ನಿಧಾನವಾಗಿ ತೂಗಿ ನೋಡಬಲ್ಲವರಾಗಿದ್ದರು. ಗದ್ದೆಯನ್ನು ಹಿರಿಯ ಮಗನಿಗೆ ಬಿಟ್ಟು ಎರಡನೆಯವನನ್ನು ಮೇಲಕ್ಕೆ ಕಳುಹಿಸಬಹುದಿತ್ತು. ಹೊಂದದಿದ್ದರೆ ಅವನು ಹಿಂದಿರುಗಿ ಬರಲು ಮನೆಯೊಂದಿತ್ತು. ಚಾಲಗೇಣಿಯವನ ಬಳಿ ತಕ್ಕಡಿಯ ಒಂದೇ ತಟ್ಟೆಯಿತ್ತು. ಏಣಿಲು ಪೈರಿನ ಕೊಯ್ಲು ಮುಗಿದ ಮೇಲೆ ಸುಗ್ಗಿ, ಕೊಳಕೆಗಳಿಗೆ ನೀರಿಲ್ಲದ ಗದ್ದೆಯವನಿಗೆ ಬೇಸಗೆಯವರೆಗೆ ಕೈಗೆ ಕೆಲಸವಿರಲಿಲ್ಲ. ಕಾಫಿಯ ಕೊಯ್ಲು ಬೀಳುತ್ತಿದ್ದುದು ಸರಿಯಾಗಿ ಆ ತಿಂಗಳುಗಳಲ್ಲಿ. ಹೀಗಾಗಿ ಮೊದಮೊದಲು ಹೋದವರಲ್ಲಿ ಬಹುಮಂದಿ ನೆಲೆಸಲು ಹೋದವರಲ್ಲ. ಕೊಯ್ಲು ಮುಗಿಸಿ ಹತ್ತಿದರು, ಮಳೆ ಹಿಡಿಯುವ ಮುನ್ನ ಇಳಿದರು. ಮಂಗಳೂರಿನಿಂದ ಚಾರ್ಮಾಡಿಯ ಮೂಲಕ ಚಿಕ್ಕಮಗಳೂರಿಗೆ ಸುಮಾರು 150 ಕಿಲೋಮೀಟರು. ಮೋಟಾರು ಬರುವ ಮುನ್ನ ಗಂಟುಮೂಟೆ ಹೊತ್ತು ನಡೆಯುವವರಿಗೆ ನಾಲ್ಕೈದು ದಿನಗಳ ದಾರಿ.

ಮುಂಗಡದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ತೋಟದ ಮೇಸ್ತ್ರಿಯು ಮಳೆಗಾಲದಲ್ಲಿ, ಅಂದರೆ ಅಕ್ಕಿಯ ಮಡಕೆ ಬರಿದಾಗಿರುವ ಕಾಲದಲ್ಲಿ, ಊರಿಗೆ ಬರುತ್ತಿದ್ದನು. ಅವನು ಕೈಯಲ್ಲಿಟ್ಟ ರೂಪಾಯಿಗಳು ಗೇಣಿಗೋ ಮದುವೆಗೋ ಔಷಧಕ್ಕೋ ಆ ದಿನವೇ ಕರಗುತ್ತಿದ್ದುವು. ಆ ಬಳಿಕ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಯೇ ಉಳಿಯುತ್ತಿರಲಿಲ್ಲ. 1859ರ ಹದಿಮೂರನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹಣ ಹಿಂದಿರುಗಿಸಬೇಕು ಅಥವಾ ಕೆಲಸ ಮಾಡಿ ತೀರಿಸಬೇಕು ಎಂಬ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸಜೆ. ಸಾಮಾನ್ಯ ಸಾಲಗಾರನಿಗೆ ಸಿವಿಲ್ ಕೋರ್ಟು, ಕೂಲಿಯ ಮುಂಗಡಕ್ಕೆ ಜೈಲು! ಈ ಕಾಯಿದೆಯನ್ನು 1925ರಲ್ಲಿ ರದ್ದು ಮಾಡಲಾಯಿತು. ಮೂರು ತಲೆಮಾರುಗಳ ಕಾಲ ಅದು ಚಾಲ್ತಿಯಲ್ಲಿತ್ತು. ಆ ಅವಧಿಯಲ್ಲಿ ಮುಂಗಡದ ಮೇಲೆ ಹೋದವರನ್ನು ಕುರಿತು "ಧೈರ್ಯ ಮಾಡಿ ಅದೃಷ್ಟವನ್ನು ಅರಸಿ ಹೊರಟರು" ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಪೇಟೆಯಲ್ಲಿ ಅಂಗಡಿ ಹಾಕಲು ಹೋದವರಿಗೆ ಆ ಮಾತು ಸಲ್ಲುತ್ತದೆ. ಲೈನುಮನೆಗೆ ಹೋದವರಿಗೆ ಸಲ್ಲುವುದಿಲ್ಲ.

ಎರಡನೆಯ ಭಯ ಜ್ವರದ್ದು. ಮಲೆನಾಡಿನ ಚಳಿಜ್ವರಕ್ಕೆ ಕೆಟ್ಟ ಗಾಳಿ ಕಾರಣವೆಂದೂ ಕೆಟ್ಟ ನೀರು ಕಾರಣವೆಂದೂ ಜನರು ನಂಬಿದ್ದರು. ಅದನ್ನು ಹರಡುವುದು ಸೊಳ್ಳೆಯೆಂಬುದಕ್ಕೆ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಆಧಾರ ಕಂಡುಕೊಂಡುದು 1897ರಲ್ಲಿ. ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾದುದು 1953ರಲ್ಲಿ. ನಡುವಣ ಅರ್ಧ ಶತಮಾನದಲ್ಲಿ ಕಾರಣ ತಿಳಿದಿದ್ದರೂ ಪರಿಹಾರವು ತೋಟದ ಲೈನುಗಳಿಗೆ ತಲುಪಿದುದು ಅಲ್ಪ. ಮೇಲಿನಿಂದ ಇಳಿದು ಬಂದವನ ಹಳದಿ ಮುಖವೂ ಉಬ್ಬಿದ ಹೊಟ್ಟೆಯೂ ನೆರೆಮನೆಯವರ ನಿರ್ಧಾರದ ಮೇಲೆ ಮೇಸ್ತ್ರಿಯ ಮಾತಿಗಿಂತ ಹೆಚ್ಚಿನ ಪ್ರಭಾವ ಬೀರಿರಬೇಕು.

ಮೂರನೆಯದು ನಮ್ಮ ಸಂಚಿಕೆಗೆ ವಿಶೇಷವಾಗಿ ಸಂಬಂಧಿಸಿದ್ದು. ಕೆಳಗೆ ಹುಟ್ಟಿದ ಮಗುವಿಗೆ ಎಂಟು ದಿನಗಳೊಳಗೆ ಜ್ಞಾನಸ್ನಾನ ಕೊಡಿಸಬಹುದಿತ್ತು. ಸಾಯುವವನ ಬಳಿಗೆ ಗುರುಗಳನ್ನು ಕರೆತರಬಹುದಿತ್ತು. ವಾಳೆಯ ಗುರ್ಕಾರನು ಜಗಳ ಬಿಡಿಸುತ್ತಿದ್ದನು. ತೋಟದ ಲೈನಿನಿಂದ ಇಗರ್ಜಿಯು ಒಂದು ದಿನದ ನಡಿಗೆಯಲ್ಲಿದ್ದರೆ ಇವೆಲ್ಲವೂ ಅನಿಶ್ಚಿತ. ಮೇಲಾಗಿ ಭಾಷೆಯ ತೊಡಕು. 1886ರಲ್ಲಿ ಮಂಗಳೂರು ಮತ್ತು ಮೈಸೂರು ಬೇರೆ ಬೇರೆ ಧರ್ಮಪ್ರಾಂತ್ಯಗಳಾದುವು. ಕೆಳಗೆ ಇಟಲಿಯಿಂದ ಬಂದ ಯೇಸುಸಭೆಯ ಗುರುಗಳೂ ಸ್ಥಳೀಯ ಕೊಂಕಣಿ ಗುರುಗಳೂ ಇದ್ದರು. ಮೇಲೆ ಪ್ಯಾರಿಸ್ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳು ವಿಶಾಲವಾದ ಸೀಮೆಯನ್ನು ಕುದುರೆಯ ಮೇಲೂ ಎತ್ತಿನ ಗಾಡಿಯಲ್ಲೂ ಸುತ್ತುತ್ತಿದ್ದರು. ಅವರಿಗೆ ತಮಿಳು, ಕನ್ನಡಗಳು ಬರುತ್ತಿದ್ದುವು. ಪಾಪನಿವೇದನೆಗೆ ಬಂದ ಮುದುಕಿಗೆ ಬರುತ್ತಿದ್ದುದು ಕೊಂಕಣಿ. ಇಂದು ಘಟ್ಟದ ಮೇಲಿನ ನಮ್ಮ ದೇವಾಲಯಗಳಲ್ಲಿ ಕನ್ನಡದ ಪ್ರಾರ್ಥನೆಯು ಅಷ್ಟು ಸಹಜವಾಗಿ ಕೇಳಿಬರುವುದಕ್ಕೆ ಈ ಬೆರಕೆಯೂ ಒಂದು ಕಾರಣ. ಗುರುಗಳು ಖಾಯಮ್ಮಾಗಿ ನಿಂತ ಊರಿನಲ್ಲಿಯೇ ಕುಟುಂಬಗಳೂ ಖಾಯಮ್ಮಾಗಿ ನಿಂತುವು. ಅಲ್ಲಿಯವರೆಗೆ ಗಂಡಸರು ಮಾತ್ರ ಹತ್ತಿ ಇಳಿಯುತ್ತಿದ್ದರು. ಕಾಫಿಯ ನಾಡಿನ ಈ ಕ್ರೈಸ್ತ ಸಮುದಾಯವು ಸ್ವತಂತ್ರ ಧರ್ಮಪ್ರಾಂತ್ಯವಾಗುವಷ್ಟು ಬೆಳೆದು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಮೈಸೂರಿನಿಂದ ಬೇರೆಯಾಯಿತು. ಪೂಜ್ಯ ಅಲ್ಫೋನ್ಸಸ್ ಮಥಾಯಸ್ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು.

ಬೆಳೆಯುವ ಊರು ಎಂದೆಂದಿಗೂ ಬೆಳೆಯುತ್ತಲೇ ಇರುವುದೆಂಬ ಭರವಸೆಯೂ ಇರಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳುವು ತೋಟಗಳನ್ನು ಹಾಳುಗೆಡವಿತು. ಬಳಿಕ ಎಲೆಯ ತುಕ್ಕುರೋಗ ಬಂದಿತು. 'ಚಿಕ್' ಎಂದು ಹೆಸರಾಗಿದ್ದ ಹಳೆಯ ತಳಿಯು ಸೋತು, 'ಕೂರ್ಗ್' ತಳಿಯಿಂದ ತೋಟಗಳು ಮತ್ತೆ ತಲೆಯೆತ್ತಿದುವು. ಅದಕ್ಕೂ ರೋಗ ತಗಲಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸಂಶೋಧನ ಕೇಂದ್ರ ಸ್ಥಾಪನೆಯಾದುದು ಈ ಹಿನ್ನೆಲೆಯಲ್ಲಿ. 1930ರ ದಶಕದಲ್ಲಿ ಬೆಲೆ ಕುಸಿದು, ಯುದ್ಧದಿಂದ ಯೂರೋಪಿನ ಮಾರುಕಟ್ಟೆಯೂ ಮುಚ್ಚಿದಾಗ, 1940ರಲ್ಲಿ ಕಾಫಿ ಮಂಡಳಿಯ ಏರ್ಪಾಡಾಯಿತು. ಇಂತಹ ಪ್ರತಿಯೊಂದು ಏಟಿಗೂ ಮೊದಲು ಕೆಲಸ ಕಳೆದುಕೊಂಡವನು ಲೈನಿನ ಆಳು. ಎರಡನೆಯವನು ಅವನಿಗೆ ಸಾಲಕ್ಕೆ ಅಕ್ಕಿ ಕೊಟ್ಟ ಪೇಟೆಯ ಅಂಗಡಿಕಾರ. ಆದರೆ ಸರಕಾರಿ ಕಚೇರಿಗಳಿದ್ದ ಚಿಕ್ಕಮಗಳೂರು, ಮಡಿಕೇರಿಗಳಂತಹ ಊರುಗಳು ಈ ಏಟನ್ನು ತಾಳಿಕೊಂಡಷ್ಟು ಒಳನಾಡಿನ ಸಂತೆಯೂರುಗಳು ತಾಳಲಿಲ್ಲ. ಬುದ್ಧಿವಂತರು ಇದನ್ನು ಆಗಲೇ ಗಮನಿಸಿದ್ದರು: ತೋಟದಲ್ಲಿ ದುಡಿದರೂ ಮನೆಯನ್ನು ಪೇಟೆಯಲ್ಲಿ ಮಾಡಿದರು.

ಒಂದು ವಿಚಿತ್ರವನ್ನು ಇಲ್ಲಿ ಹೇಳದೆ ಇರಲಾಗದು. ನಮ್ಮ ಗಂಡಸರು ಕಾಫಿಗಾಗಿ ಘಟ್ಟ ಹತ್ತುತ್ತಿದ್ದ ಕಾಲದಲ್ಲಿಯೇ, ಅದೇ ಕಾಫಿಯು ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರಿಗೆ ಬರುತ್ತಿತ್ತು. ಅಲ್ಲಿನ ಸಂಸ್ಕರಣ ಕೇಂದ್ರಗಳಲ್ಲಿ ಅದನ್ನು ಹಸನುಗೊಳಿಸಿ ಆರಿಸುತ್ತಿದ್ದವರು ಕರಾವಳಿಯ ಹೆಂಗಸರು. ಅಣ್ಣ ಕೊಯ್ದ ಕಾಯಿಯನ್ನು ತಂಗಿ ಆರಿಸಿ, ಮೂಟೆಯು ಹಡಗು ಹತ್ತಿ ಲಂಡನ್ನಿಗೆ ಹೋದುದೂ ಉಂಟಾಗಿರಬಹುದು. ಹೆಂಗಸರಿಗೆ ಪಟ್ಟಣದಲ್ಲಿ ಈ ಬಗೆಯ ಕೂಲಿ ದೊರೆಯತೊಡಗಿದ ಮೇಲೆ, ಇಡೀ ಸಂಸಾರವನ್ನು ಕಟ್ಟಿಕೊಂಡು ಹತ್ತುವ ಅಗತ್ಯವು ಕೆಲವು ಮನೆಗಳಿಗಾದರೂ ತಪ್ಪಿತು.

ಮೋಟಾರಿನಿಂದ ಲೆಕ್ಕವೇ ಬದಲಾಯಿತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಹುಟ್ಟಿತು. ಬಸ್ಸುಗಳು ಘಟ್ಟದ ರಸ್ತೆಗಳನ್ನು ಹಿಡಿದ ಮೇಲೆ ಐದು ದಿನಗಳ ದಾರಿಯು ಒಂದು ಹಗಲಿನದಾಯಿತು. ಹೋಗುವುದೆಂದರೆ ಅಗಲುವುದು ಎಂಬ ಭಾವನೆ ಕಡಿಮೆಯಾಗಿ, ಒಮ್ಮೆ ಹೋಗಿ ನೋಡಿ ಬರುವುದು ಸಾಧ್ಯವಾಯಿತು. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಊರಿಗೆ ಬಂದು ಹೊಸ ಅಕ್ಕಿಯ ಊಟ ಮಾಡಿ ಮರುದಿನ ಹಿಂದಿರುಗುವವರು ಹೆಚ್ಚಿದರು. ರೈಲಿಗೆ ಮಾತ್ರ ಬಹಳ ಕಾಯಬೇಕಾಯಿತು: ಹಾಸನ-ಮಂಗಳೂರು ಮಾರ್ಗವು 1979ರಲ್ಲಿ ಪೂರ್ತಿಯಾಯಿತು, ಚಿಕ್ಕಮಗಳೂರು ಪಟ್ಟಣವು ರೈಲನ್ನು ಕಂಡುದು 2013ರಲ್ಲಿ.

ಸ್ವಾತಂತ್ರ್ಯಾನಂತರ ಎರಡು ಕಾನೂನುಗಳು ತಕ್ಕಡಿಯ ಎರಡು ತಟ್ಟೆಗಳನ್ನೂ ಅಲುಗಿಸಿದುವು. 1951ರ ತೋಟ ಕಾರ್ಮಿಕರ ಕಾಯಿದೆಯು ಮೇಲಿನವನಿಗೆ ಮನೆ, ಔಷಧೋಪಚಾರ, ಮಕ್ಕಳಿಗೆ ಶಾಲೆ ಇವುಗಳನ್ನು ಮಾಲೀಕನ ಹೊಣೆಯನ್ನಾಗಿ ಮಾಡಿತು. ಕೆಳಗಿನವನಿಗೆ ಬಂದುದು 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣೆಯ ತಿದ್ದುಪಡಿ. ಉಳುವ ಗೇಣಿದಾರನೇ ಒಡೆಯನಾದನು. ಚಾಲಗೇಣಿಯೆಂಬ ಶಬ್ದವೇ ಹಳತಾಯಿತು. ಕಾಫಿ, ಏಲಕ್ಕಿ ಮುಂತಾದ ತೋಟಗಳಿಗೆ ಆ ಕಾನೂನಿನಿಂದ ವಿನಾಯಿತಿಯಿತ್ತು. ಹೀಗಾಗಿ ಊರಿನಲ್ಲಿ ಉಳಿದ ಒಕ್ಕಲಿಗೆ ಒಂದೂವರೆ ಎಕರೆ ಗದ್ದೆಯಾದರೂ ಸ್ವಂತಕ್ಕೆ ದೊರೆಯಿತು. ಮೂರು ತಲೆಮಾರು ತೋಟದಲ್ಲಿ ದುಡಿದವನಿಗೆ ಲೈನುಮನೆಯ ಬಾಗಿಲು ಕೂಡ ಸ್ವಂತದ್ದಾಗಲಿಲ್ಲ. 1950ರಲ್ಲಿ ಚೆನ್ನಾಗಿ ತೂಗಿ ನೋಡಿ ಹೊರಟವನಿಗೂ 1974 ಹೀಗೆ ಬರುವುದೆಂದು ತಿಳಿಯುವಂತಿರಲಿಲ್ಲ. ಆ ಬಳಿಕ ಕರಾವಳಿಯ ಯುವಕರ ಮುಖ ಘಟ್ಟದಿಂದ ಮುಂಬಯಿಯ ಕಡೆಗೂ ಕೊಲ್ಲಿ ದೇಶಗಳ ಕಡೆಗೂ ತಿರುಗಿತು.

ಇತ್ತೀಚೆಗೆ ಆ ಮುಖ ಮತ್ತೆ ಸ್ವಲ್ಪ ಘಟ್ಟದ ಕಡೆಗೆ ತಿರುಗಿದಂತೆ ಕಾಣುತ್ತದೆ. 1996ರಲ್ಲಿ ಕಾಫಿಯ ಮಾರಾಟವು ಮಂಡಳಿಯ ಹಿಡಿತದಿಂದ ಬಿಡುಗಡೆಯಾಯಿತು. ತೋಟದ ಮನೆಗಳು ಪ್ರವಾಸಿಗಳಿಗೆ ವಸತಿಗೃಹಗಳಾದುವು. ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಹೋಟೆಲು, ವಾಹನ, ಕಟ್ಟಡಗಳ ಕೆಲಸ ಹೆಚ್ಚಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಮೂಡಿಗೆರೆಯ ಕಡೆಯಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮಣ್ಣಾದುವು. ಹಿಂದೆ ಜ್ವರವನ್ನು ತೂಗುತ್ತಿದ್ದವರು ಇಂದು ಮನೆಯ ಹಿಂದಿನ ಬರೆಯನ್ನು ನೋಡಿ ಬಾಡಿಗೆ ಮಾತನಾಡಬೇಕಾಗಿದೆ.

ತಮ್ಮ ಕುಟುಂಬದಿಂದ ಯಾರು ಹೋದರು, ಯಾವಾಗ ಹೋದರು ಎಂದು ತಿಳಿಯಬಯಸುವವರಿಗೆ ಒಂದು ದಾರಿಯಿದೆ. 1907ರಲ್ಲಿ ಪವಿತ್ರ ಪೀಠವು ಹೊರಡಿಸಿ 1908ರ ಪಾಸ್ಖ ಹಬ್ಬದಿಂದ ಜಾರಿಗೆ ಬಂದ 'ನೇ ತೇಮೆರೆ' ಎಂಬ ಆಜ್ಞೆಯ ಪ್ರಕಾರ, ಮದುವೆ ಎಲ್ಲಿಯೇ ಆಗಲಿ, ಅದರ ವಿವರವನ್ನು ಜ್ಞಾನಸ್ನಾನ ಪಡೆದ ಇಗರ್ಜಿಗೆ ತಿಳಿಸಿ, ಅಲ್ಲಿನ ದಾಖಲೆಯಲ್ಲಿ ಆ ಹೆಸರಿನೊಡನೆ ಬರೆದಿಡತಕ್ಕದ್ದು. ಆದುದರಿಂದ ಹಳೆಯ ಜ್ಞಾನಸ್ನಾನದ ಪುಸ್ತಕದ ಅಂಚನ್ನು ಓದಬೇಕು. ಇಲ್ಲಿ ಹುಟ್ಟಿದ ಹುಡುಗನ ಹೆಸರಿನ ಬದಿಯಲ್ಲಿ, ಬೇರೆ ಕೈಬರಹದಲ್ಲಿ, ಬೇರೆ ಮಸಿಯಲ್ಲಿ, ಲತೀನಿನಲ್ಲಿ ಬರೆದ ಘಟ್ಟದ ಊರೊಂದರ ಹೆಸರು ಕಾಣಸಿಗುತ್ತದೆ. ಕೆಲವು ಹೆಸರುಗಳ ಅಂಚು ಬರಿದಾಗಿರುತ್ತದೆ. ಅವನು ಮದುವೆಯಾಗಲಿಲ್ಲವೋ, ಮೇಲಿನಿಂದ ಪತ್ರ ಬರಲಿಲ್ಲವೋ, ಮೊದಲ ವರ್ಷದ ಜ್ವರಕ್ಕೇ ತೀರಿಕೊಂಡನೋ ಎಂಬುದನ್ನು ಆ ಬರಿಯ ಅಂಚು ಹೇಳುವುದಿಲ್ಲ. 1908ಕ್ಕೆ ಮುನ್ನ ಮದುವೆಯಾದವರಿಗಾಗಿ ಮೇಲಿನ ಇಗರ್ಜಿಗಳ ಮದುವೆ ಮತ್ತು ಮರಣದ ಪುಸ್ತಕಗಳನ್ನೇ ನೋಡಬೇಕು. ಹೊರಡುವವರು ಮೊದಲೇ ವಿಚಾರಣಾ ಗುರುಗಳಿಗೆ ಬರೆದು ಅನುಮತಿ ಪಡೆಯುವುದು ಒಳಿತು. ಹಾಳೆಗಳು ಜೀರ್ಣವಾಗಿರುವುದರಿಂದ ಕೈಯಲ್ಲಿ ಹಿಡಿಯುವಾಗ ಜಾಗ್ರತೆ ಬೇಕು. ಮಳೆಗಾಲದಲ್ಲಿ ಚಾರ್ಮಾಡಿಯ ರಸ್ತೆಯನ್ನು ನಂಬುವಂತಿಲ್ಲವಾದುದರಿಂದ ಜನವರಿ-ಫೆಬ್ರವರಿಗಳಲ್ಲಿ ಹೋದರೆ ಅನುಕೂಲ. ಆಗ ಕೊಯ್ಲೂ ನಡೆಯುತ್ತಿರುತ್ತದೆ.